ಎಡ ಮಂಡಿಯ ಧನ್ಯವಾದ, ಬಲ ಮಂಡಿಯ ಅಹವಾಲು

ಆಸ್ಪತ್ರೆಯ ಹೊರಬಾಗಿಲಲ್ಲಿ ಹಗಲಿರುಳು ನಿಂತು, ಕೆಂಪು ಅಳುಮುಖದಿಂದ ಹಸಿರು ನಗುಮುಖದವರೆಗೆ ಐದು ಗುಂಡಿಗಳನ್ನು ಎದೆಯ ಮೇಲೆ ಧರಿಸಿ, ರೋಗಿಗಳ ಸಂತೃಪ್ತಿಯನ್ನು ಅಳೆಯುತ್ತಿರುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಎಡ ಮಂಡಿಯೂ ಕ್ಷೇಮ. ಅದು ಮೊದಲಿನಿಂದಲೂ ಕ್ಷೇಮವಾಗಿಯೇ ಇತ್ತು. ಈಗ ತಮ್ಮವರು ಅದಕ್ಕೊಂದು ಶಸ್ತ್ರಚಿಕಿತ್ಸೆಯನ್ನೂ ಮಾಡಿರುವುದರಿಂದ ಅದರ ಗತ್ತೇ ಬೇರೆಯಾಗಿದೆ. ನೋಯುತ್ತಿದ್ದದ್ದು ಬಲ ಮಂಡಿ. ಅದು ಈಗಲೂ ನೋಯುತ್ತಿದೆ ಎಂಬುದನ್ನು ತಮ್ಮ ಹಸಿರು ಮುಖ ಬಾಡದ ಹಾಗೆ ಮೆಲ್ಲಗೆ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ದರ್ಜಿ, ಮೂವತ್ತೊಂದು ವರ್ಷ ಹೊಲಿಗೆ ಯಂತ್ರದ ಪೆಡಲು ತುಳಿದು ಬಲ ಮಂಡಿ ಸವೆಸಿಕೊಂಡವನು. ನನ್ನನ್ನು ಮೊದಲು ನೋಡಿದ ವೈದ್ಯರಿಗೆ ವಾರ್ಡಿನವರೆಲ್ಲ ಸಿಡುಕಪ್ಪ ಎನ್ನುತ್ತಾರೆ. ಅವರು ನನ್ನ ನಮಸ್ಕಾರವನ್ನು ಗಾಳಿಗೆ ಬಿಟ್ಟು, ಯಾವ ಕಾಲು ಹೇಳ್ರೀ ಎಂದು ಮೂರು ಸಲ ಕೇಳಿ, ಅಷ್ಟಾದರೂ ನಂಬದೆ ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಬಲ ಮಂಡಿಯ ಮೇಲೆ ನೇರಳೆ ಶಾಯಿಯಲ್ಲಿ ದೊಡ್ಡದೊಂದು ಬಾಣ ಗೀಚಿದರು. ನನಗೆ ರೇಗಿಹೋಯಿತು. ಕುಂಟುತ್ತಲೇ ತಮ್ಮ ಬಳಿಗೆ ಬಂದು ಕೆಂಪು ಗುಂಡಿಯನ್ನು ಏಳು ಸಲ ಒತ್ತಿದೆ.

ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಮರುದಿನವೇ ಆಡಳಿತದವರು ಸಿಡುಕಪ್ಪನವರನ್ನು ನೆಲಮಾಳಿಗೆಗೆ, ಎಕ್ಸ್‌ರೇ ಓದುವ ಕೋಣೆಗೆ ಹಾಕಿದರು. ಅಲ್ಲಿರುವುದು ಬರೀ ಮೂಳೆಗಳ ಚಿತ್ರ, ಮೂಳೆಗಳು ಗುಂಡಿ ಒತ್ತುವುದಿಲ್ಲ. ಅವರ ಜಾಗಕ್ಕೆ ಬಂದ ನಗುಮೊಗದ ವೈದ್ಯರು ಹಾಸಿಗೆಯ ಅಂಚಿನಲ್ಲಿ ಕೂತು, ಕೈ ಹಿಡಿದು, ಮೊಮ್ಮಗಳಿಗೆ ಹಲ್ಲು ಎಷ್ಟು ಬಂದಿವೆ ಎಂದು ಕೇಳಿದರು. ಯಾವ ಕಾಲು ಎಂದು ಮಾತ್ರ ಕೇಳಲಿಲ್ಲ, ಕೇಳಿಸಿಕೊಂಡ ರೋಗಿಗೆ ಬೇಸರವಾಗುತ್ತದೆಂದು ತಾವೇ ವರದಿ ಕೊಟ್ಟಿದ್ದಿರಲ್ಲ. ಫಿಲ್ಮು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ನನ್ನದೂ ಒಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಗಿರಾಕಿಯ ಕೈಗೆ ಬಟ್ಟೆ ಕೊಡುವ ಮೊದಲು ಸೀಮೆಸುಣ್ಣದ ಗುರುತನ್ನು ಉಜ್ಜಿ ತೆಗೆಯುವುದು ನಮ್ಮ ಕಸುಬಿನ ರೂಢಿ. ಅಂಥ ಒಳ್ಳೆಯವರ ಮುಂದೆ ಗೀಚಿದ ಮಂಡಿ ಒಡ್ಡಲು ನಾಚಿಕೆಯಾಗಿ, ಬೆಳಗಿನ ಸ್ನಾನದಲ್ಲಿ ಆ ಬಾಣವನ್ನು ತಿಕ್ಕಿ ತಿಕ್ಕಿ ತೊಳೆದುಬಿಟ್ಟೆ. ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾದಾಗ ಕಟ್ಟು ಎಡಗಾಲಿಗಿತ್ತು. ಹೇಳಿಬಿಡೋಣವೆಂದುಕೊಂಡೆ, ಆದರೆ ನಗುಮೊಗದವರು ಎಷ್ಟು ಅಕ್ಕರೆಯಿಂದ ದಿಂಬು ಸರಿಮಾಡಿದರೆಂದರೆ, ಅವರ ಮನಸ್ಸು ನೋಯಿಸಲು ನಾಲಿಗೆ ಏಳಲಿಲ್ಲ. ಮನೆಗೆ ಹೊರಟಾಗ ಹಸಿರು ಗುಂಡಿಯನ್ನೇ ಒತ್ತಿದೆ.

ಮನೆಯಲ್ಲಿ ನನ್ನಾಕೆ ಹಣೆ ಚಚ್ಚಿಕೊಂಡು ವಕೀಲಿ ಮಾಡುವ ತನ್ನ ತಮ್ಮನನ್ನು ಕರೆಸಿದಳು. ಅವನು, ಭಾವ, ಹಸಿರು ಒತ್ತಿ ಬಂದಿದೀರಲ್ಲ, ಇನ್ನು ಕೇಸು ಎಲ್ಲಿಂದ ಹಾಕ್ಲಿ ಎಂದು ಚೀಲದ ಜಿಪ್ಪು ಎಳೆದುಕೊಂಡ. ಸಂತುಷ್ಟ ರೋಗಿ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ ಎಂದು ತಮ್ಮ ಆಡಳಿತಾಧಿಕಾರಿಗಳ ಕೋಣೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದಾರಂತೆ. ನೂರಕ್ಕೆ ನೂರು ನಿಜ. ಈ ಎರಡು ಮಂಡಿಗಳನ್ನು ಇಟ್ಟುಕೊಂಡು ನಾನು ಯಾವ ಮೆಟ್ಟಿಲೂ ಹತ್ತಲಾರೆ.

ಇನ್ನೊಂದು ಮಂಡಿಯೂ ನೋಯುತ್ತಿದೆ ಎಂದಷ್ಟೇ ಹೇಳಿಕೊಂಡಿದ್ದಕ್ಕೆ, ಬರುವ ಸೋಮವಾರ ಬಲ ಮಂಡಿಯ ಸರದಿ, ಅದೇ ನಗುಮೊಗದವರ ಕೈಯಲ್ಲಿ. ನನಗೆ ಭಯವಾಗುತ್ತಿದೆ. ಇದೂ ಕೆಟ್ಟರೆ ಅಂಗಡಿ ಮುಚ್ಚಬೇಕು. ಆದ್ದರಿಂದ ನನ್ನ ಏಳು ಕೆಂಪು ಒತ್ತುಗಳನ್ನು ದಯಮಾಡಿ ನುಂಗಿದ ಬಾಯಿಂದಲೇ ಹೊರಗೆ ಉಗುಳಬೇಕು. ಹುಬ್ಬು ಗಂಟಿಕ್ಕಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವ ಆರನೆಯ ಮುಖವೊಂದನ್ನು ಎಲ್ಲಕ್ಕಿಂತ ಮೇಲೆ ಕೂರಿಸಬೇಕು. ಮತ್ತು ಸಿಡುಕಪ್ಪನವರನ್ನು ನೆಲಮಾಳಿಗೆಯಿಂದ ಮೇಲಕ್ಕೆ ಕರೆಸಿ ನನ್ನನ್ನು ಚೆನ್ನಾಗಿ ಬೈಯಿಸಬೇಕು. ಈ ಸಲ ಅವರ ಬಾಣವನ್ನು ತೊಳೆಯುವುದಿಲ್ಲ, ಸ್ನಾನವನ್ನೇ ಬಿಡುತ್ತೇನೆ.

ಇಂತು, ಒಂದು ಕಾಲಿನಲ್ಲಿ ನಿಂತು ಕೈಮುಗಿಯುವ,
ತಮ್ಮ ವಿಶ್ವಾಸಿ,
ದರ್ಜಿ

ತಾ.ಕ.: ಅತಿ ಹೆಚ್ಚು ಹಸಿರು ಗಳಿಸಿದ್ದಕ್ಕಾಗಿ ಸನ್ಮಾನ ಪಡೆಯಲಿರುವ ನಗುಮೊಗದ ವೈದ್ಯರು ಸಮಾರಂಭಕ್ಕೆಂದು ನನ್ನ ಬಳಿಯೇ ಕೋಟು ಹೊಲಿಯಲು ಕೊಟ್ಟಿದ್ದರು. ಒಂದು ಪ್ರಶ್ನೆಯನ್ನೂ ಕೇಳಿ ಬೇಸರಪಡಿಸದೆ, ಉದ್ದಕ್ಕೂ ನಗುನಗುತ್ತಾ, ಎರಡು ತೋಳುಗಳನ್ನೂ ಎಡಗಡೆಗೇ ಕೂರಿಸಿದ್ದೇನೆ. ನನ್ನ ಅಂಗಡಿಯ ಬಾಗಿಲಿಗೂ ತಮ್ಮಂಥವರೊಬ್ಬರನ್ನು ಕಳಿಸಿಕೊಟ್ಟರೆ ಆ ವೈದ್ಯರು ಹಸಿರನ್ನೇ ಒತ್ತುವರೆಂಬ ಭರವಸೆಯಿದೆ.