ಮೇಲೆ ಹೋದ ಮುಚ್ಚಳ

ಎರಡು ಬೆರಳಗಲದ ಒಂದು ಮುಚ್ಚಳ. ಅಷ್ಟಕ್ಕೇ ಸ್ಕ್ರೂವಣ್ಣನ ನಿದ್ದೆ ಕೆಟ್ಟು ನಲವತ್ತು ದಿನವಾಗಿತ್ತು.

ಅವನಿದ್ದ ಕಾರ್ಖಾನೆಯಲ್ಲಿ ಬೂಟಿನ ಡಬ್ಬಿಯಷ್ಟು ಪುಟ್ಟ ಉಪಗ್ರಹ ಮಾಡುತ್ತಿದ್ದರು. ಹಾರುವ ಮುಂಚೆ ಕ್ಯಾಮೆರಾದ ಕೆಂಪು ಮುಚ್ಚಳ ತೆಗೆದು ಕೊನೆಯ ಸ್ಕ್ರೂ ಬಿಗಿಯುವುದು ಇವನ ಪಾಲಿನ ಕೆಲಸ. ಇಪ್ಪತ್ತು ವರ್ಷದಿಂದ ಆ ಸ್ಕ್ರೂಗೆ ಬೇರೆ ಕೈ ತಾಗಿರಲಿಲ್ಲ. ಈಗ ಮೇಲೆ ಹೋದ ಉಪಗ್ರಹ ಮಾತ್ರ ಇದ್ದಿಲ ಮೂಟೆಯೊಳಗೆ ಕೂತು ತೆಗೆದ ಹಾಗೆ ಬರೀ ಕಪ್ಪು ಚಿತ್ರ ಕಳಿಸುತ್ತಿತ್ತು. ಮುಚ್ಚಳ ತೆಗೆದೆನೋ, ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಯಜಮಾನರು ಎಲ್ಲರನ್ನೂ ಕಂಪ್ಯೂಟರ್ ಮುಂದೆ ನಿಲ್ಲಿಸಿದರು.

"ನೋಡ್ರಪ್ಪಾ, ಪ್ರಪಂಚದಲ್ಲಿ ಸಣ್ಣ ಉಪಗ್ರಹ ಮಾಡೋರೆಲ್ಲ ಈ ಪುಟದಲ್ಲಿ ತಮ್ಮ ತಪ್ಪು ಬರೀತಾರೆ. ಒಬ್ಬ ಬಿದ್ದ ಗುಂಡಿಗೆ ಇನ್ನೊಬ್ಬ ಬೀಳಬಾರದು ಅಂತ. ಹೆಸರು ಹಾಕಬೇಕಿಲ್ಲ. ಮಧ್ಯಾಹ್ನದೊಳಗೆ ತಲೆಗೊಂದು ತಪ್ಪು ಬರೀಬೇಕು."

"ನಾನು ತಪ್ಪೇ ಮಾಡಿಲ್ವಲ್ಲ ಸಾರ್?" ಅಂದ ಸ್ಟೋರಿನವ.

"ಹಾಗಾದ್ರೆ ಈಗೊಂದು ಮಾಡಿ ಬರಿ."

ಹೆಸರಿಲ್ಲ ಎಂದಮೇಲೆ ಸ್ಕ್ರೂವಣ್ಣನಿಗೆ ಧೈರ್ಯ ಬಂತು. ಎದೆಯ ಭಾರ ಇಳಿಸಿಯೇಬಿಟ್ಟ. ಮಾಡಿದ ಕೆಲಸ ಅಚ್ಚುಕಟ್ಟಾಗಿರಬೇಕು ಎನ್ನುವವನಲ್ಲವೇ, ಎಲ್ಲವನ್ನೂ ಬರೆದ: "ಕ್ಯಾಮೆರಾದ ಮುಚ್ಚಳ ತೆಗೆಯದೆ ಕಳಿಸಿದೆ. ಅದರ ಪಟ್ಟಿ ಕಿತ್ತುಹೋಗಿತ್ತು, ಗುಂಡಿ ಹೊಲಿಯುವ ಹಸಿರು ದಾರ ಕಟ್ಟಿದ್ದೆ."

ಅರ್ಧ ಗಂಟೆಯಲ್ಲಿ ಹನ್ನೊಂದು ಕಾರ್ಖಾನೆಗಳಿಂದ ಉತ್ತರ ಬಂತು. ಗಾಬರಿಬಿದ್ದು, ಬಿಗಿದಿಟ್ಟ ಉಪಗ್ರಹದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ನೋಡುತ್ತಿದ್ದರಂತೆ! ಯಜಮಾನರು ಅದನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡರು.

"ಇಂಥ ಪುಣ್ಯಾತ್ಮನೂ ಇದ್ದಾನಲ್ಲಪ್ಪ! ಹಸಿರು ದಾರವಂತೆ!"

ಎಲ್ಲರೂ ನಕ್ಕರು. ಸ್ಕ್ರೂವಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ವೈರು ಜೋಡಿಸುವ ಅಕ್ಕ ಮಾತ್ರ ನಡುವೆ ನಿಲ್ಲಿಸಿದಳು.

"ಅಯ್ಯೋ, ಆ ದಾರ ನಾನೇ ಕೊಟ್ಟಿದ್ದಲ್ವಾ ಸ್ಕ್ರೂವಣ್ಣ? ಉಳಿದದ್ದು ನೀವು ವಾಪಸ್ಸೇ ಕೊಡ್ಲಿಲ್ಲ!"

ಕರೆಂಟು ಹೋದ ಹಾಗೆ ನಗು ನಿಂತಿತು.

"ಮುಂದಿನ ಉಪಗ್ರಹ ನೀನು ಮುಟ್ಟಬೇಡ," ಅಂದರು ಯಜಮಾನರು. "ರಟ್ಟಿನ ಡಬ್ಬಿಗೆ ಟೇಪ್ ಅಂಟಿಸು, ನಡಿ." ಇಪ್ಪತ್ತು ವರ್ಷದ ಸ್ಕ್ರೂಡ್ರೈವರ್ ಸ್ಟೋರಿನವನ ಕೈ ಸೇರಿತು. ಅವನು ಅದನ್ನು ಹಾವು ಹಿಡಿದವನ ಹಾಗೆ ಹಿಡಿದುಕೊಂಡ.

ಸಂಜೆ ಮನೆಗೆ ಬಂದು ಊಟಕ್ಕೆ ಕೂತರೆ, ಉಪ್ಪಿನ ಸೀಸೆಯ ಮೇಲೆ ಕೆಂಪು ಮುಚ್ಚಳ! ಹಸಿರು ದಾರ ಸಮೇತ.

"ಇದೆಲ್ಲಿತ್ತೇ?"

"ತಿಂಗಳ ಹಿಂದೆ ಶರ್ಟು ಒಗೆಯೋವಾಗ ನಿಮ್ಮ ಜೇಬಲ್ಲಿ ಸಿಕ್ಕಿತ್ತು. ಇವತ್ತು ಸೀಸೆ ಮುಚ್ಚಳ ಒಡೀತು, ಇದನ್ನೇ ಹಾಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ, ಅಲ್ವಾ?" ಅಂದಳು ಹೆಂಡತಿ.

ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿಕೊಂಡನಂತೆ. ಇವನು ಕದಿಯದೆಯೇ ಮುಟ್ಟಿಕೊಂಡಿದ್ದ! ಕಾಲಿಗೊಂದು ಬಗೆಯ ಚಪ್ಪಲಿ ಸಿಕ್ಕಿಸಿಕೊಂಡು ಕಾರ್ಖಾನೆಗೆ ಓಡಿದ.

"ಸಾರ್, ಮುಚ್ಚಳ ಮೇಲಿಲ್ಲ! ಇಲ್ಲಿದೆ!"

ಒಬ್ಬರೇ ಕೂತಿದ್ದ ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮತ್ತೆ ಚಿತ್ರ ಯಾಕೆ ಕಪ್ಪು?" ಎನ್ನುತ್ತ ಕಂಪ್ಯೂಟರಿನಲ್ಲಿ ಕೆದಕಿದರು. ಕೈ ಗಕ್ಕನೆ ನಿಂತಿತು. ಚಿತ್ರ ತೆಗೆಯುವ ಹೊತ್ತು ಹಾಕಿದವರು ಸ್ವತಃ ಅವರೇ. ಹಗಲು ಹನ್ನೆರಡು ಇರಬೇಕಾದಲ್ಲಿ ರಾತ್ರಿ ಹನ್ನೆರಡು ಕೂತಿತ್ತು.

ಯಜಮಾನರು ಸದ್ದಿಲ್ಲದೆ ಅದನ್ನು ತಿದ್ದಿದರು. ಮುಚ್ಚಳವನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದರು. "ಮನೆಗೆ ಹೋಗು. ನಾಳೆ ನೋಡೋಣ."

ಮರುದಿನ ಮಧ್ಯಾಹ್ನ ಸಮುದ್ರ, ಮೋಡ, ರಸ್ತೆ ಎಲ್ಲ ಕನ್ನಡಿಯಷ್ಟು ಸ್ಪಷ್ಟವಾಗಿ ಬಂತು.

"ಮುಚ್ಚಳ ತಾನಾಗೇ ಕಳಚಿ ಬಿತ್ತು ಕಣ್ರೋ!" ಎಂದು ಯಜಮಾನರು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಯಜಮಾನರು ಪುಟದಲ್ಲಿ ತಮ್ಮ ಹೆಸರು ಹಾಕಿಯೇ ಬರೆದರು: "ಮುಚ್ಚಳ ತೆಗೆಯಲು ಮರೆತರೆ ಹೆದರಬೇಡಿ. ನಲವತ್ತು ದಿನಕ್ಕೆ ತಾನೇ ಬೀಳುತ್ತದೆ." ಹನ್ನೊಂದೂ ಕಾರ್ಖಾನೆಯವರು ಧನ್ಯವಾದ ಹೇಳಿ, ಮುಚ್ಚಳ ಸಮೇತ ಪೆಟ್ಟಿಗೆ ಬಿಗಿದರು.

"ಸಾರ್, ನನ್ನ ಸ್ಕ್ರೂಡ್ರೈವರ್..." ಎಂದ ಸ್ಕ್ರೂವಣ್ಣ.

"ಬಿದ್ದದ್ದು ಮುಚ್ಚಳದ ಒಳ್ಳೇತನ. ಮರೆತದ್ದು ನಿನ್ನ ತಪ್ಪೇ ಅಲ್ವೇನಪ್ಪಾ?"

ಸಂಜೆ ಹೆಂಡತಿ ಸೀಸೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. "ಏನ್ರೀ, ಉಪ್ಪೆಲ್ಲ ನೀರಾಗ್ತಿದೆ. ಮುಚ್ಚಳ ಎಲ್ಲಿ?"

ಸ್ಕ್ರೂವಣ್ಣ ಟೇಪಿನ ಅಂಟು ಹತ್ತಿದ ಬೆರಳನ್ನು ಆಕಾಶಕ್ಕೆ ಎತ್ತಿದ.

"ಅಲ್ಲಿತ್ತಂತೆ ಕಣೇ. ಬಿದ್ದುಹೋಯ್ತಂತೆ."