ಬಾಯಿ ಬಿಡಿಸುವ ಬಗೆಗಳು

ಕಳುವಿಗಿಂತ ಹೆಚ್ಚಿನ ತಮಾಷೆ ಕಳುವಿನ ವಿಚಾರಣೆಯಲ್ಲಿ ನಡೆಯುತ್ತದೆ ಎಂದರೆ ಪೊಲೀಸ್ ಚಾಕರಿ ಮಾಡದವರು ನಂಬುವುದಿಲ್ಲ. ಎಂಬತ್ತರ ದಶಕದಲ್ಲಿ ನಾನು ನವಲಗುಂದ, ಕುಂದಗೋಳದ ಕಡೆ ಸಣ್ಣಸಣ್ಣ ಠಾಣೆಗಳಲ್ಲಿ ಪೇದೆಯಾಗಿದ್ದೆ. ಎದುರಿಗೆ ಕೂತವನ ಬಾಯಿ ಬಿಡಿಸಲು ಒಬ್ಬೊಬ್ಬ ಸಾಹೇಬರಿಗೆ ಒಂದೊಂದು ವಿದ್ಯೆ. ನನಗೆ ಮಾತ್ರ ಬಾಗಿಲ ಹತ್ತಿರ ನಿಂತು ನೋಡುವ ಕೆಲಸ. ನಿಂತಲ್ಲಿ ನಿಲ್ಲುವುದು ನನ್ನ ಹಣೆಯಲ್ಲೇ ಬರೆದಿಲ್ಲ. ಕಾಲು ಬದಲಿಸುತ್ತ, ಟೋಪಿ ತೆಗೆದು ಹಾಕುತ್ತ, ಈ ಪುಣ್ಯಾತ್ಮ ಒಮ್ಮೆ ಹೌದು ಅನ್ನಲಿ ಇಲ್ಲವೇ ಅಲ್ಲ ಅನ್ನಲಿ ಎಂದು ಒದ್ದಾಡುತ್ತಿದ್ದೆ.

ಗಂಟಲು

ನನ್ನ ಮೊದಲ ಫೌಜದಾರರ, ಅಂದರೆ ಸಬ್ ಇನ್ಸ್‌ಪೆಕ್ಟರರ, ದನಿ ಸಿಡಿಲಿನಂಥದ್ದು. ಅವರು ಠಾಣೆಯಲ್ಲಿ ಕೆಮ್ಮಿದರೆ ಬಸ್ ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಒಮ್ಮೆ ಆಡು ಕದ್ದ ಸಂಶಯದ ಮೇಲೆ ಒಬ್ಬ ಮುದುಕನನ್ನು ಕರೆತಂದೆವು. ಸಾಹೇಬರು ಟೇಬಲ್ ಗುದ್ದಿ, "ಖರೇ ಹೇಳಲೇ! ಕದ್ದ ಆಡನ್ನ ಎಲ್ಲಿ ಕಟ್ಟೀದಿ?" ಎಂದು ಗರ್ಜಿಸಿದರು.

ಮುದುಕನಿಗೆ ಕಿವಿ ಮಂದ. ಹೆದರುವುದು ಬಿಟ್ಟು ಮುಖ ಅರಳಿಸಿದ. "ಈ ಠಾಣ್ಯಾಗ ನನಗ ಕೇಳೂವಂಗ ಮಾತಾಡೂವ್ರು ನೀವೊಬ್ರ ನೋಡ್ರಿ, ಸಾಹೇಬ್ರ!"

ಸಾಹೇಬರ ಸಿಟ್ಟು ನೆತ್ತಿಗೇರಿ, ಅದೇ ಪ್ರಶ್ನೆಯನ್ನು ಸೂರು ಹಾರುವಂತೆ ಮತ್ತೆ ಕೂಗಿದರು. ಹೊರಗಿನ ಕಟ್ಟೆಯ ಮೇಲೆ ಸೈಕಲ್ ಕಳೆದುಕೊಂಡವನೊಬ್ಬ ತಕರಾರು ಕೊಡಲು ಕಾಯುತ್ತ ಕೂತಿದ್ದ. ಅವನು ಒಳಗೆ ಓಡಿಬಂದು ಸಾಹೇಬರ ಕಾಲು ಹಿಡಿದ.

"ತಪ್ಪಾತ್ರಿ! ನಮ್ಮ ಮಾವನ ಹಿತ್ತಲದಾಗ ಕಟ್ಟೇನ್ರಿ. ಆದ್ರ ಅದು ಆಡಲ್ರಿ, ಎಮ್ಮಿ!"

ಕರುಳು

ಅದೇ ಠಾಣೆಯಲ್ಲಿ ಒಬ್ಬ ಜಮಾದಾರರಿದ್ದರು, ಅಂದರೆ ಹೆಡ್ ಕಾನ್‌ಸ್ಟೇಬಲ್. ಬೈಯುವವರಲ್ಲ, ಬಡಿಯುವವರಲ್ಲ. "ಮನಸಿನಾಗ ಹೊಕ್ಕು ಕೇಳಬೇಕೋ ತಮ್ಮಾ" ಎನ್ನುತ್ತಿದ್ದರು. ಟ್ರ್ಯಾಕ್ಟರಿನ ಬ್ಯಾಟರಿ ಕದ್ದ ಸಂಶಯದವನೊಬ್ಬ ಸಿಕ್ಕಾಗ ಅವನಿಗೆ ಚಹಾ, ಮಿರ್ಚಿ ತರಿಸಿ, ಬಾಜೂಕ ಕೂರಿಸಿಕೊಂಡು, "ಮನ್ಯಾಗ ಏನರ ತ್ರಾಸ ಐತೇನಪಾ?" ಎಂದು ಶುರು ಮಾಡಿದರು. ಅವನು, "ಯಾರ ಮನ್ಯಾಗ ಇಲ್ಲ ಹೇಳ್ರಿ ಕಾಕಾ" ಎಂದ. ಅಷ್ಟಕ್ಕೇ ಜಮಾದಾರರ ಕಣ್ಣು ತುಂಬಿತು.

ನಾನು ಅಂಗಳದಲ್ಲಿ ಹಿಂದೆ ಮುಂದೆ ತಿರುಗಾಡಿ ಸುಸ್ತಾದೆ. ಒಳಗೆ ಪಿಸುಪಿಸು ಮುಗಿಯುವ ಲಕ್ಷಣವಿಲ್ಲ. ಕೊನೆಗೆ ಜಮಾದಾರರು ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದರು. ಫೌಜದಾರರು ಆತುರದಿಂದ, "ಏನ್ ಹೇಳಿದಾ ಅಂವಾ?" ಎಂದು ಕೇಳಿದರು.

"ನಮ್ಮ ಮನ್ಯಾಗ ಅತ್ತಿ ಸೊಸಿ ಇನ್ನ ಕೂಡಿ ಇರೂದು ಆಗೂದಿಲ್ಲ, ಮಗನ್ನ ಬ್ಯಾರೆ ಇಡ್ರಿ ಅಂತ ಹೇಳ್ಯಾನ್ರಿ, ಸಾಹೇಬ್ರ."

ಮೌನ

ಮುಂದೆ ಬಂದ ಫೌಜದಾರರು ಎಳೆಯರು, ಆಗತಾನೇ ತರಬೇತಿ ಮುಗಿಸಿದವರು. ಎದುರಿಗೆ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನಿದ್ದರೆ ಸಾಕು, ತಪ್ಪು ಮಾಡಿದವನು ತಾನೇ ಒದರುತ್ತಾನೆ ಎಂದು ಅಲ್ಲಿ ಕಲಿತು ಬಂದಿದ್ದರಂತೆ. ಮೊರಬದ ಕಡೆಯ ಹೊಲದಲ್ಲಿ ಶೇಂಗಾ ಚೀಲ ಕಾಣೆಯಾದಾಗ, ಆ ದಾರಿಯಲ್ಲಿ ಹೋದ ಕುರಿ ಕಾಯುವವನ ಮೇಲೆ ಈ ವಿದ್ಯೆ ಪ್ರಯೋಗವಾಯಿತು.

ಸಾಹೇಬರು ದಿಟ್ಟಿಸಿದರು. ಅವನೂ ದಿಟ್ಟಿಸಿದ. ದಿನವಿಡೀ ಬಯಲಲ್ಲಿ ಕುರಿಗಳ ಮುಖ ನೋಡುತ್ತ ಕೂರುವವನಿಗೆ ಇದೇನು ದೊಡ್ಡ ಶಿಕ್ಷೆ? ಆರಾಮಾಗಿ ಕಂಬಳಿ ಸರಿಮಾಡಿಕೊಂಡ. ಸಾಹೇಬರ ಹಣೆಯ ಮೇಲೆ ಬೆವರು ಮೂಡಿತು. ನೊಣ ಹಾರಿದ್ದೂ ಕೇಳುವಂಥ ಆ ಮೌನದಲ್ಲಿ ನನ್ನ ಬೂಟು ತಾನಾಗಿಯೇ ನೆಲ ಬಡಿಯತೊಡಗಿತು.

ಕಡೆಗೆ ಕುರಿಯವನು ನನ್ನನ್ನು ಸನ್ನೆ ಮಾಡಿ ಹತ್ತಿರ ಕರೆದು, ಕಿವಿಯಲ್ಲಿ ಮರುಕದಿಂದ ಕೇಳಿದ: "ಪಾಪ, ಸಾಹೇಬ್ರು ಹುಟ್ಟಿದಾಗಿಂದ ಹಿಂಗನ ಏನ್ರಿ?"

ಹಾಡು

ಕುಂದಗೋಳದ ಕಡೆಗೆ ವರ್ಗವಾದ ಮೇಲೆ ನಡೆದದ್ದು ಇದು. ಒಂದು ಹಳ್ಳಿಯ ಭಜನಾ ಮಂಡಳಿಯ ಪೇಟಿ, ಅಂದರೆ ಹಾರ್ಮೋನಿಯಂ, ಮಠದಿಂದ ಕಾಣೆಯಾಯಿತು. ಮಂಡಳಿಯಲ್ಲಿ ಪೇಟಿ ಬಾರಿಸುತ್ತಿದ್ದ ಹಿರಿಯರೇ ತಕರಾರು ಕೊಟ್ಟರು. ಮಠದ ಗೋಡೆಗೆ ಸುಣ್ಣ ಹಚ್ಚಲು ಬಂದಿದ್ದ ಕೂಲಿಯವನ ಕಡೆ ಬೆರಳು ತೋರಿಸಿದವರೂ ಅವರೇ.

ಕೂಲಿಯವನು ಒಂದೇ ಮಾತು ಹಿಡಿದಿದ್ದ: "ನಾ ಮುಟ್ಟಿಲ್ರಿ." ಅವನ ಹೆಂಡತಿ ಕೂಸನ್ನು ಕಟ್ಟಿಕೊಂಡು ಠಾಣೆಯ ಗೇಟಿನಲ್ಲಿ ಕೂತಿದ್ದಳು. ಸಂಜೆಯೊಳಗೆ ಪೇಟಿ ಸಿಗದಿದ್ದರೆ ಅವನನ್ನು ಕೋರ್ಟಿಗೆ ಕಳಿಸುವುದೆಂದು ಅಲ್ಲಿನ ಫೌಜದಾರರು ತೀರ್ಮಾನಿಸಿದ್ದರು. ನನಗೋ ಇವನು ಕಳ್ಳನಲ್ಲ ಎಂದು ಒಳಗೊಳಗೇ ಅನ್ನಿಸುತ್ತಿತ್ತು, ಆದರೆ ಪೇದೆಯ ಮಾತು ಕೇಳುವವರು ಯಾರು? ಕಿಟಕಿಗೆ ಹೋದೆ, ಬಾಗಿಲಿಗೆ ಬಂದೆ. ಆ ಹೆಣ್ಣುಮಗಳ ಮುಖ ನೋಡಲಾಗದೆ ಮತ್ತೆ ಕಿಟಕಿಗೆ ಹೋದೆ. ಸಂಕಟ ತಡೆಯದೆ ನನ್ನ ಬಾಯಿ ತನ್ನಷ್ಟಕ್ಕೆ ಒಂದು ಭಜನೆಯ ಪದ ಗುನುಗತೊಡಗಿತು. ಬರಬರುತ್ತ ಗುನುಗು ಹಾಡೇ ಆಯಿತು.

ತಕರಾರು ಕೊಟ್ಟು ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಹಿರಿಯರು ಹಲ್ಲು ಕಚ್ಚಿದರು. ಕಿವಿ ಮುಚ್ಚಿಕೊಂಡರು. ನಾನು ಲೋಕದ ಪರಿವೆಯಿಲ್ಲದೆ ಪಲ್ಲವಿಯನ್ನು ಮೇಲಕ್ಕೆ ಎತ್ತಿದೆ.

"ಸಾಕ್ ಮಾಡ್ರೀ!" ಹಿರಿಯರು ಚೀರಿ ಎದ್ದು ನಿಂತರು. "ಎಲ್ಲಿಯ ಸ್ವರ ಎಲ್ಲಿಗೆ ಒಯ್ದ್ರಿ! ತಡೀರಿ, ಪೇಟಿ ತಂದು ಬಾರಿಸಿ ತೋರಸ್ತೀನಿ!"

ಫೌಜದಾರರು ಮೆಲ್ಲಗೆ ಕೇಳಿದರು: "ಎಲ್ಲಿಂದ ತರ್ತೀರಿ, ಹಿರಿಯಾರ?"

ಹಿರಿಯರು ಕುಸಿದು ಕೂತರು. ಮಂಡಳಿಯವರು ಪೇಟಿ ಬಾರಿಸಲು ಹೊಸ ಹುಡುಗನೊಬ್ಬನನ್ನು ಗೊತ್ತುಮಾಡಿದ್ದರಂತೆ. ಆ ಸಂಕಟಕ್ಕೆ ಪೇಟಿಯನ್ನು ತಮ್ಮ ಮನೆಯ ಅಟ್ಟದ ಮೇಲೆ, ಹೊಟ್ಟಿನ ಚೀಲಗಳ ಹಿಂದೆ ಬಚ್ಚಿಟ್ಟಿದ್ದರು. ಜೀಪಿನಲ್ಲಿ ಹೋಗಿ ತಂದೆವು.

ಬಿಡುಗಡೆಯಾದ ಕೂಲಿಯವನು ಹೆಂಡತಿ ಸಮೇತ ನನ್ನೆದುರು ನಿಂತು ಕೈ ಮುಗಿದ. "ನಾನೇನ್ ಮಾಡಿಲ್ಲೋ ತಮ್ಮಾ, ಬರೇ ಹಾಡಿದ್ನಿ" ಎಂದೆ.

"ಅದಕ್ಕ ಕೈ ಮುಗೀತೇನ್ರಿ" ಎಂದ ಅವನು. "ಹಿರಿಯಾರು ಎದ್ದು ನಿಂತದ್ದು ಛಲೋ ಆತು. ನೀವು ಇನ್ನೊಂದು ನುಡಿ ಹಾಡಿದ್ರ, ನಾನ ಕದ್ದೇನಿ ಅಂತ ಒಪ್ಪಿಕೊಂಡ್ಬಿಡ್ತಿದ್ನಿ."