ಮಾವ, ಬೇಳೆ ಮತ್ತು ಎಣ್ಣೆಯ ಗೋಡೆ

...ಅಥವಾ ಮಾವ ಸಾಬೂನು ಸುರಿದದ್ದು ಬೇಳೆಗಲ್ಲ, ಚಹಾಕ್ಕೋ? ಛೇ, ಚಹಾದಲ್ಲಿ ಎಣ್ಣೆ ಎಲ್ಲಿಂದ ಬರಬೇಕು! ಎಣ್ಣೆ ಇಲ್ಲದ ಕಡೆ ನಮ್ಮ ಮಾವ ಕಣ್ಣೆತ್ತಿಯೂ ನೋಡುವವರಲ್ಲ. ಹಾಗಾದರೆ ಬೇಳೆಯೇ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ನೀವು ಅರ್ಧ ನಂಬಿದರೆ ಸಾಕು.

ಮಾವ ಅಂದರೆ ಅವ್ವನ ಒಬ್ಬನೇ ತಮ್ಮ. ಬಸವಕಲ್ಯಾಣದ ಕಾಲೇಜಿನಲ್ಲಿ ಜೀವಶಾಸ್ತ್ರದ ಮಾಸ್ತರು. ಅವರ ಪ್ರಕಾರ ಭೂಮಿಯನ್ನು ಹೊತ್ತಿರುವುದು ಆದಿಶೇಷನಲ್ಲ, ಕೊಬ್ಬು! ಜೀವಕೋಶದ ಪೊರೆಯಲ್ಲಿರುವ ಲಿಪಿಡ್ ಎಂಬ ಕೊಬ್ಬು. ಹುಮನಾಬಾದಿನ ನಮ್ಮ ಮನೆಗೆ ಬರುವಾಗ, ಕಿಕ್ಕಿರಿದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದೇ ಪಾಠ: “ಲಿಪಿಡಿಗೆ ಒಂದು ತಲಿ, ಎರಡು ಬಾಲ. ತಲಿ ನೀರಿನ ಕಡಿ, ಬಾಲ ಒಳಗ. ಹಿಂಗ ಎರಡು ಸಾಲು ನಿಂತರ ಗ್ವಾಡಿ! ಸಾಲಿನ್ಯಾಗ ಎಲ್ಲಾರೂ ಸರದಾಡ್ತಾರ, ಗ್ವಾಡಿ ಮಾತ್ರ ಒಡಿಯಂಗಿಲ್ಲ, ಈ ಬಸ್ಸಿನಂಗ!”

“ಖರೇ ಅದರಿ ಸರ್,” ಎಂದ ಕಂಡಕ್ಟರ್. “ಈಗ ನಿಮ್ಮ ಬಾಲಾನೂ ಒಳಗ ತಗೋರಿ, ಬಾಗಿಲ ಹಾಕಬೇಕು.”

ಇಂಥವರನ್ನು ನನ್ನ ತಂಗಿಯ ನಿಶ್ಚಯದ ಊಟಕ್ಕೆ ಕರೆಯದೆ ಇರಲಾದೀತೇ? ಚಿಟಗುಪ್ಪದ ಬೀಗರು ಸಾಲಾಗಿ ಕೂತಿದ್ದರು. ಬೇಳೆಯ ಮೇಲೆ ಕುಸುಬೆ ಎಣ್ಣೆ ಬಂಗಾರದಂತೆ ತೇಲುತ್ತಿತ್ತು. ಮಾವ ತಡೆದುಕೊಳ್ಳಲಿಲ್ಲ. “ಸಾಬೂನು ಬಿದ್ದರ ಜೀವಕೋಶದ ಗ್ವಾಡಿ ಹ್ಯಾಂಗ ಒಡಿತದ, ನೋಡ್ರಿ ಬೀಗರ!” ಎನ್ನುತ್ತ ಭಾಂಡೆ ತೊಳೆಯುವ ಸಾಬೂನಿನ ನೀರನ್ನು ಸುರಿದೇಬಿಟ್ಟರು. ತಮ್ಮ ಬಟ್ಟಲಿಗಲ್ಲ, ಇಡೀ ಬೋಗುಣಿಗೆ! ಎಣ್ಣೆ ದಿಕ್ಕಾಪಾಲಾಗಿ ಓಡಿತು. ಬೀಗರೂ ಓಡುತ್ತಿದ್ದರೋ ಏನೋ. ಮಜ್ಜಿಗೆ ಅನ್ನ ಮಾನ ಕಾಯಿತು.

ಅವ್ವ ಅಂದೇ ಹೇಳಿದಳು: “ನನ್ನ ಹೊಸ್ತಿಲ ತುಳಿಬ್ಯಾಡ. ಲಗ್ನಕ್ಕೂ ಬರಬ್ಯಾಡ.”

ಆದರೆ ನಮ್ಮ ಮನೆಯಲ್ಲಿ ಮದುಮಗಳ ನೆತ್ತಿಗೆ ಮೊದಲ ಎಣ್ಣೆ ಹಚ್ಚಬೇಕಾದವನು ಸೋದರಮಾವ. ಇರುವವರು ಇವರೊಬ್ಬರೇ!

ಮಾವ ನನಗೆ ಫೋನ್ ಮಾಡಿದರು. ಅದೇ ಹುಮ್ಮಸ್ಸು! “ಲೇ, ಪೊರೆ ಬರೇ ಗ್ವಾಡಿ ಅಲ್ಲ. ಹೊರಗಿಂದ ಕರೆ ಬಂದು ಮುಟ್ಟಿದ್ರ, ಗ್ವಾಡ್ಯಾಗಿನ ಒಂದು ಲಿಪಿಡ್ ಎರಡು ತುಂಡಾಗ್ತದ. ಒಂದು ತುಂಡು ಒಳಗ ಓಡಿ ಸುದ್ದಿ ಮುಟ್ಟಸ್ತದ, ಇನ್ನೊಂದು ಅಲ್ಲೇ ನಿಂತು ಕೆಲಸಕ್ಕ ಹಚ್ಚತದ. ಗ್ವಾಡಿನೇ ಟಪಾಲ ಆಗ್ತದಲೇ!”

“ಮಾವ, ಅವ್ವಗ ಫೋನ್ ಮಾಡಿದ್ರೇನ್ರಿ?”

“ಎತ್ತವಲ್ಲಳು.” ಅವರು ಇಷ್ಟು ಸಣ್ಣ ವಾಕ್ಯ ಆಡಿದ್ದನ್ನು ನಾನು ಕೇಳಿರಲಿಲ್ಲ.

ಎಣ್ಣೆ ಹಚ್ಚುವ ದಿನ ಮಾವ ಬಂದರು. ಹೊಸ್ತಿಲ ಆಚೆ, ಬಿಸಿಲಲ್ಲಿ ನಿಂತರು. ಒಳಗೆ ಹಾಡು ನಿಂತಿತು. ಅವ್ವ ತಂಗಿ ಕೂತಿದ್ದ ಮಣೆಯನ್ನೇ ಬಾಗಿಲಿಗೆ ತಂದು ಹಾಕಿಸಿದಳು; ಎಣ್ಣೆಯ ಬಟ್ಟಲನ್ನು ಹೊಸ್ತಿಲ ಆಚೆ ಚಾಚಿದಳು. ಮಾವ ಬೆರಳು ಅದ್ದಿ ತಂಗಿಯ ನೆತ್ತಿಗೆ ಇಟ್ಟರು. ಎಣ್ಣೆ ಕೈಯಲ್ಲಿದ್ದೂ ಪಾಠವಿಲ್ಲ! ಅವ್ವ ಕಾದಳು, ಕಾದಳು.

“ಯಾಕೋ, ಬಾಯಿಗೇನಾತು? ತಲಿ ಯಾವ ಕಡಿ, ಬಾಲ ಯಾವ ಕಡಿ, ಇವತ್ತ ಹೇಳಂಗಿಲ್ಲೇನು?”

ಮಾವ ಎಣ್ಣೆಯ ಬೆರಳನ್ನು ಅಂಗಿಗೆ ಒರೆಸಿಕೊಂಡರು.

“ಒಳಗ ಬಾ.”

ತಂಗಿಯನ್ನು ಕೇಳಿದರೆ, ಕಣ್ಣು ಮುಚ್ಚಿದ್ದೆ ಎನ್ನುತ್ತಾಳೆ. ಅವ್ವನನ್ನು ಕೇಳಿದರೆ, “ಬಿಸಲಾಗ ನಿಂತಿದ್ದ, ಕರದೆ” ಅಷ್ಟೆ. ಆ ದಿನ ಅವ್ವನೊಳಗೆ ಏನು ಒಡೆಯಿತು, ಯಾವ ತುಂಡು ಸುದ್ದಿ ಒಯ್ದಿತು, ನನಗೆ ಗೊತ್ತಿಲ್ಲ.